ಸಿಂಹದ ಅಳಿದುಳಿದ ಮೈ

ಅಮೆರಿಕದ ಬಾಲ್ಟಿಮೋರ್‌ನ ಬಿ ಅಂಡ್ ಓ ರೈಲ್ವೆ ಮ್ಯೂಸಿಯಂನಲ್ಲಿ ಹಳೆಯ ಬಾಯ್ಲರ್ ಒಂದಿದೆ. ಗೊತ್ತಿಲ್ಲದವರು ನೋಡಿದರೆ ಗುಜರಿ ಸಾಮಾನು ಅಂದುಕೊಳ್ಳಬೇಕು. ಅದು ‘ಸ್ಟೌರ್‌ಬ್ರಿಜ್ ಲಯನ್’ ಎಂಬ ಉಗಿ ಎಂಜಿನ್ನಿನದು.

1828ರಲ್ಲಿ ಡೆಲವೇರ್ ಅಂಡ್ ಹಡ್ಸನ್ ಕಾಲುವೆ ಕಂಪನಿ ಹೊರೇಷಿಯೋ ಆಲನ್ ಎಂಬ ಯುವ ಎಂಜಿನಿಯರನ್ನು ಇಂಗ್ಲೆಂಡಿಗೆ ಕಳಿಸಿತು. ಪೆನ್ಸಿಲ್ವೇನಿಯಾದ ಗಣಿಯ ಕಲ್ಲಿದ್ದಲನ್ನು ಕಾಲುವೆಯವರೆಗೆ ಸಾಗಿಸಲು ಅವರಿಗೆ ಎಂಜಿನ್ ಬೇಕಿತ್ತು. ಸ್ಟೌರ್‌ಬ್ರಿಜ್ ಊರಿನ ಫಾಸ್ಟರ್, ರಾಸ್ಟ್ರಿಕ್ ಕಂಪನಿ ಕಟ್ಟಿಕೊಟ್ಟ ಎಂಜಿನ್ನಿನ ಮುಂಭಾಗದಲ್ಲಿ ಸಿಂಹದ ಮುಖ ಬರೆದಿತ್ತು. ನೆತ್ತಿಯ ಮೇಲೆ ಮಿಡತೆಯ ಕಾಲುಗಳಂತೆ ಏರಿಳಿಯುವ ತೊಲೆಗಳಿದ್ದವು.

1829ರ ಆಗಸ್ಟ್ 8ರಂದು ಹೋನ್ಸ್‌ಡೇಲ್‌ನಲ್ಲಿ ಪರೀಕ್ಷೆ. ಹಳಿಗಳು ಮರದವು, ಮೇಲೆ ಕಬ್ಬಿಣದ ಪಟ್ಟಿ ಮಾತ್ರ. ಮುಂದೆ ಹೊಳೆಗೆ ಅಡ್ಡಲಾಗಿ ಮರದ ಸೇತುವೆ. ಅಪಾಯವಾದರೆ ತನಗೊಬ್ಬನಿಗೇ ಆಗಲಿ ಎಂದು ಆಲನ್ ಬೇರೆ ಯಾರನ್ನೂ ಹತ್ತಿಸಿಕೊಳ್ಳಲಿಲ್ಲ. ಅದಕ್ಕೆ ಮೊದಲು ಆತ ಎಂಜಿನ್ ಓಡಿಸಿದವನೇ ಅಲ್ಲ! ಸುಮಾರು ಮೂರು ಮೈಲಿ ಹೋಗಿ, ಕ್ಷೇಮವಾಗಿ ವಾಪಸು ಬಂದ.

ಇಷ್ಟಾದರೂ ಸಿಂಹಕ್ಕೆ ಕೆಲಸ ಸಿಗಲಿಲ್ಲ. ಕೇಳಿದ್ದು ನಾಲ್ಕು ಟನ್, ಬಂದದ್ದು ಏಳೂವರೆ ಟನ್. ಆ ಹಳಿ ಅಷ್ಟು ಭಾರ ದಿನನಿತ್ಯ ತಾಳುವಂತಿರಲಿಲ್ಲ. ಐಟಿಯಲ್ಲಿರುವ ನನಗೆ ಈ ಕಥೆ ಹೊಸದಲ್ಲ. ಡೆಮೊ ದಿನ ಚಪ್ಪಾಳೆ ಗಿಟ್ಟಿಸಿದ ಸಾಫ್ಟ್‌ವೇರ್, ಗ್ರಾಹಕರ ಹಳೆಯ ಸರ್ವರ್ ಮೇಲೆ ಕೂತ ದಿನ ಉಸಿರುಗಟ್ಟುವುದನ್ನು ನಮ್ಮಲ್ಲಿ ಯಾರು ನೋಡಿಲ್ಲ? ಒಮ್ಮೆ ಓಡಿತು ಅನ್ನುವುದಕ್ಕೂ ದಿನಾ ಓಡುತ್ತದೆ ಅನ್ನುವುದಕ್ಕೂ ನಡುವೆ ಎಷ್ಟೋ ದೂರ.

ಮುಂದೆ ಎಂಜಿನ್ ಮೂಲೆ ಸೇರಿತು. ಭಾಗಗಳು ಒಂದೊಂದಾಗಿ ಕಳಚಿಹೋದವು. ಬಾಯ್ಲರಿಗೆ ಮಾತ್ರ ಅದೃಷ್ಟವಿತ್ತು: ಕಾರ್ಬನ್‌ಡೇಲ್ ಊರಿನಲ್ಲಿ ಒಂದೇ ಕಡೆ ನಿಂತು ವರ್ಷಗಟ್ಟಲೆ ಉಗಿ ಕೊಟ್ಟಿತು. ನನ್ನ ಪ್ರಕಾರ ಅದು ಉಳಿದದ್ದೇ ಹೀಗೆ ದುಡಿದದ್ದರಿಂದ. ಗೌರವ ಬಂದಮೇಲೆ ಕಾದದ್ದು ಬೇರೆ ಅಪಾಯ. 1883ರಲ್ಲಿ ಷಿಕಾಗೋ ಪ್ರದರ್ಶನಕ್ಕೆ ಒಯ್ದಾಗ, ನೆನಪಿಗೆಂದು ಜನ ಚೂರುಗಳನ್ನು ಕಿತ್ತುಕೊಂಡು ಹೋದರು. 1890ರಲ್ಲಿ ಅದು ಸ್ಮಿತ್ಸೋನಿಯನ್ ಸಂಸ್ಥೆಯ ಕೈಸೇರಿತು.

ಸಿಕ್ಕ ಭಾಗಗಳನ್ನು ಜೋಡಿಸಿ ಎಂಜಿನ್ ಕಟ್ಟುವ ಪ್ರಯತ್ನವೂ ನಡೆಯಿತು. ಆದರೆ ಕಾಣೆಯಾದದ್ದೇ ಹೆಚ್ಚು. ಸಿಕ್ಕದ್ದರಲ್ಲೂ ಎಲ್ಲವೂ ಇದೇ ಎಂಜಿನ್ನಿನವೇ ಎಂಬ ಪ್ರಶ್ನೆ ಎದ್ದಿತು. ಹೋನ್ಸ್‌ಡೇಲ್‌ನ ಮ್ಯೂಸಿಯಂನಲ್ಲಿ ಇದರ ಪೂರ್ಣ ಪ್ರತಿಕೃತಿ ಇದೆ. ಎಂಜಿನ್ ಹೇಗಿತ್ತೆಂದು ಮಕ್ಕಳಿಗೆ ತೋರಿಸಲು ಅದೇ ಸರಿ. ಆದರೆ ಯಾವ ದಪ್ಪದ ತಗಡು ಬಳಸಿದರು, ರಿವೆಟ್ ಹೇಗೆ ಹೊಡೆದರು ಎಂದು ಕೇಳಿದರೆ ಉತ್ತರ ಕೊಡಬೇಕಾದದ್ದು ಆ ತುಕ್ಕು ಹಿಡಿದ ಮೈಯೇ.

1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ನಮ್ಮ ಮೊದಲ ಪ್ರಯಾಣಿಕರ ರೈಲನ್ನು ಎಳೆದದ್ದು ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಎಂಜಿನ್‌ಗಳು. ಹೆಸರು ಉಳಿದಿದೆ, ಎಂಜಿನ್ ಒಂದೂ ಉಳಿದಿಲ್ಲ. ಮುಂಬೈ ಲೋಕಲ್‌ನಲ್ಲಿ ನೇತಾಡುತ್ತಾ ಅದೇ ದಾರಿಯಲ್ಲಿ ಹೋಗುವ ನಮಗೆ, ಮುಟ್ಟಿ ನೋಡಲು ಅವುಗಳದೊಂದು ಬಾಯ್ಲರ್ ಆದರೂ ಇರಬಾರದಿತ್ತೇ?