ಕಂಪನಿಯೇ ಕೆಲಸದಿಂದ ತೆಗೆದರೆ ಪಿಎಫ್, ಗ್ರಾಚುಟಿ ಹೋಗುತ್ತದೆಯೇ? ರಾಜೀನಾಮೆಗೆ ಸಹಿ ಹಾಕುವ ಮುನ್ನ ಓದಿ

ಲೇಆಫ್ ಸುದ್ದಿ ಬಂದಾಗಲೆಲ್ಲ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಲಹೆ ಓಡಾಡುತ್ತದೆ. ಎಚ್‌ಆರ್ ಕರೆದರೆ ತಕ್ಷಣ ನೀವೇ ರಾಜೀನಾಮೆ ಕೊಟ್ಟುಬಿಡಿ, ಕಂಪನಿಯೇ ತೆಗೆದರೆ ಪಿಎಫ್ ಮತ್ತು ಗ್ರಾಚುಟಿ ಎರಡೂ ಹೋಗುತ್ತವೆ ಎಂಬುದು ಅದರ ಸಾರಾಂಶ.

ಇದು ಸುಳ್ಳು. ನಂಬಿದವರ ಜೇಬಿಗೇ ಕತ್ತರಿ ಹಾಕುವ ಸುಳ್ಳು.

ಪಿಎಫ್ ಖಾತೆಯಲ್ಲಿರುವುದು ನಿಮ್ಮ ಹಣ. ಕೆಲಸ ಹೇಗೆ ಹೋಯಿತು ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಗ್ರಾಚುಟಿಯನ್ನು ತಡೆಹಿಡಿಯಲು ನೌಕರ ಹಿಂಸೆ ಮಾಡಿದ, ಕಂಪನಿಯ ಆಸ್ತಿಗೆ ಹಾನಿ ಮಾಡಿದಂಥ ಕಾರಣಕ್ಕೆ ವಜಾ ಆಗಿರಬೇಕು. ‘ಪ್ರಾಜೆಕ್ಟ್ ಮುಗಿಯಿತು, ಜನ ಹೆಚ್ಚಾದರು’ ಎಂಬುದು ನಿಮ್ಮ ದುರ್ನಡತೆಯಲ್ಲ.

ಹಾಗಾದರೆ ಕಂಪನಿಗೆ ನಿಮ್ಮ ರಾಜೀನಾಮೆಯೇ ಏಕೆ ಬೇಕು? ಜನ ಹೆಚ್ಚಾದರೆಂದು ಕಂಪನಿ ತಾನಾಗಿ ತೆಗೆದರೆ ಕಾನೂನಿನಲ್ಲಿ ಅದು ‘ರಿಟ್ರೆಂಚ್‌ಮೆಂಟ್’. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿದ್ದ ನಿಯಮವೇ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇದೆ. ಒಂದು ವರ್ಷ ನಿರಂತರ ಕೆಲಸ ಮಾಡಿದವರಿಗೆ ಒಂದು ತಿಂಗಳ ನೋಟಿಸ್ ಅಥವಾ ಅಷ್ಟು ದಿನದ ವೇತನ ಕೊಡಬೇಕು. ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ವೇತನದಷ್ಟು ಪರಿಹಾರ. ಮರುಕೌಶಲ್ಯ ನಿಧಿಯಿಂದ ಇನ್ನೂ 15 ದಿನಗಳ ವೇತನ ಎಂಬುದು ಸಂಹಿತೆಯ ಹೊಸ ಸೇರ್ಪಡೆ. ನೀವಾಗಿ ರಾಜೀನಾಮೆ ಕೊಟ್ಟರೆ ಇವು ಯಾವುವೂ ಇಲ್ಲ.

ಲೆಕ್ಕ ಹಾಕಿ ನೋಡೋಣ. ಕಾನೂನಿನ ಲೆಕ್ಕಕ್ಕೆ ಬರುವ ವೇತನ ತಿಂಗಳಿಗೆ 40,000 ರೂಪಾಯಿ, ಸೇವೆ 7 ವರ್ಷ ಎಂದಿಟ್ಟುಕೊಳ್ಳಿ. ಪರಿಹಾರ ಸುಮಾರು 1,40,000, ನೋಟಿಸ್ ವೇತನ 40,000, ನಿಧಿಯಿಂದ ಸುಮಾರು 20,000. ಒಟ್ಟು 2 ಲಕ್ಷದ ಆಸುಪಾಸು. ಗ್ರಾಚುಟಿ 1,61,538 ರೂಪಾಯಿ ಬೇರೆ. ಅದು ರಾಜೀನಾಮೆ ಕೊಟ್ಟರೂ ಬರುತ್ತದೆ, ತೆಗೆದರೂ ಬರುತ್ತದೆ. ಈಗ ಕಂಪನಿ ‘ಎರಡು ತಿಂಗಳ ಸಂಬಳ ಕೊಡುತ್ತೇವೆ, ಸ್ವಇಚ್ಛೆಯಿಂದ ಹೋಗುತ್ತಿದ್ದೇನೆ ಎಂದು ಬರೆಯಿರಿ’ ಎನ್ನುತ್ತದೆ. ಹಾಳೆಯ ಕೊನೆಯಲ್ಲಿ 2,41,538 ಎಂಬ ದೊಡ್ಡ ಮೊತ್ತ ಕಾಣುತ್ತದೆ. ಅದರಲ್ಲಿ ಕಂಪನಿ ಕೊಡುತ್ತಿರುವುದು 80,000 ಮಾತ್ರ. ಉಳಿದದ್ದು ಮೊದಲೇ ನಿಮ್ಮದಾಗಿದ್ದ ಗ್ರಾಚುಟಿ. ಹಾಗಾಗಿ ಒಟ್ಟು ಮೊತ್ತವನ್ನಲ್ಲ, ಒಂದೊಂದು ಸಾಲನ್ನೂ ಬೇರೆಯಾಗಿ ಓದಬೇಕು.

ಆದರೆ ಈ ರಕ್ಷಣೆ ‘ಕಾರ್ಮಿಕ’ ಎಂಬ ವ್ಯಾಖ್ಯೆಯೊಳಗೆ ಬರುವವರಿಗೆ ಮಾತ್ರ. ವ್ಯವಸ್ಥಾಪಕ ಹುದ್ದೆಯವರು ಹೊರಗೆ. ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಪಡೆಯುವ ಮೇಲ್ವಿಚಾರಕರೂ ಹೊರಗೆ. ಹಾಗೆಂದು ವಿಸಿಟಿಂಗ್ ಕಾರ್ಡಿನಲ್ಲಿ ‘ಮ್ಯಾನೇಜರ್’ ಎಂದಿದ್ದ ಮಾತ್ರಕ್ಕೆ ಮುಗಿಯಲಿಲ್ಲ, ನ್ಯಾಯಾಲಯಗಳು ನೋಡುವುದು ನಿಜವಾಗಿ ಮಾಡುತ್ತಿದ್ದ ಕೆಲಸವನ್ನು. ಕೈಕೆಳಗೆ ಯಾರೂ ಇಲ್ಲದ ‘ಮ್ಯಾನೇಜರ್’ಗಳು ನಮ್ಮ ಬೆಂಗಳೂರಿನಲ್ಲಿ ಕಡಿಮೆಯೇನಿಲ್ಲ! ನಿಜವಾಗಿಯೂ ವ್ಯವಸ್ಥಾಪಕರಾಗಿದ್ದರೆ ನೇಮಕಾತಿ ಪತ್ರದ ಷರತ್ತುಗಳು ಮತ್ತು ಚೌಕಾಸಿಯೇ ಆಧಾರ.

ಫುಲ್ ಅಂಡ್ ಫೈನಲ್ ಹಾಳೆಯಲ್ಲಿ ‘ಮುಂದೆ ಯಾವ ಹಕ್ಕನ್ನೂ ಕೇಳುವುದಿಲ್ಲ’ ಎಂಬ ಸಾಲು ನೋಡಿ ಜನ ಹೆದರುತ್ತಾರೆ. ಆ ಸಾಲಿನಿಂದ ಗ್ರಾಚುಟಿಯ ಹಕ್ಕು ಅಳಿಸಿಹೋಗುವುದಿಲ್ಲ. ಹೆಚ್ಚು ಅಪಾಯದ್ದು ಅದಕ್ಕೂ ಮೊದಲು ಕಳಿಸುವ ಎರಡು ಸಾಲಿನ ರಾಜೀನಾಮೆ ಇಮೇಲ್. ಒತ್ತಾಯದಿಂದ ಬರೆಸಿಕೊಂಡ ರಾಜೀನಾಮೆಯನ್ನು ಪ್ರಶ್ನಿಸಬಹುದು, ಆದರೆ ಒತ್ತಾಯವಿತ್ತೆಂದು ಸಾಬೀತು ಮಾಡುವ ಹೊರೆ ನಿಮ್ಮದು. ಬ್ರಿಟನ್‌ನಲ್ಲಿ ಇಂಥ ಒಪ್ಪಂದದ ಮೂಲಕ ಉದ್ಯೋಗಿ ಕಾನೂನಿನ ಹಕ್ಕುಗಳನ್ನು ಬಿಟ್ಟುಕೊಡಬೇಕಾದರೆ ಸ್ವತಂತ್ರ ಸಲಹೆಗಾರರ ಸಲಹೆ ಪಡೆದಿರಲೇಬೇಕು. ನಮ್ಮಲ್ಲಿ ಆ ಕಡ್ಡಾಯವಿಲ್ಲ.

ಆದ್ದರಿಂದ ಮೀಟಿಂಗ್ ಕೋಣೆಯಲ್ಲಿ ಕೂತು ಸಹಿ ಮಾಡಬೇಡಿ. ಹೇಳಿದ್ದನ್ನು ಇಮೇಲ್‌ನಲ್ಲಿ ಕಳಿಸಿ ಎಂದು ಕೇಳಿ. ಕಚೇರಿಯ ಲಾಗಿನ್ ಬಂದ್ ಆಗುವ ಮುನ್ನ ಸಂಬಳದ ಚೀಟಿ, ನೇಮಕಾತಿ ಪತ್ರಗಳ ಪ್ರತಿ ಇಟ್ಟುಕೊಳ್ಳಿ.

ಈಗಾಗಲೇ ತೆಗೆದುಬಿಟ್ಟಿದ್ದರೆ, ಕಾರ್ಮಿಕ ಇಲಾಖೆಯ ಸಂಧಾನ ಅಧಿಕಾರಿಗೆ ಅರ್ಜಿ ಕೊಡಬಹುದು. ಬೆಂಗಳೂರಿನಲ್ಲಿ ಇಲಾಖೆಯ ಕಾರ್ಮಿಕ ಭವನ ಬನ್ನೇರುಘಟ್ಟ ರಸ್ತೆಯಲ್ಲಿದೆ. ಯೂನಿಯನ್ ಸದಸ್ಯತ್ವ ಬೇಕಿಲ್ಲ, ಒಬ್ಬರೇ ಹೋದರೂ ನಡೆಯುತ್ತದೆ. ಆದರೆ ಎರಡು ವರ್ಷ ಕಳೆದ ವಿವಾದವನ್ನು ಸಂಧಾನಕ್ಕೆ ತೆಗೆದುಕೊಳ್ಳುವುದಿಲ್ಲ.