ಕಾಸ್ಟ್ ಶೀಟ್‌ನಲ್ಲಿ ಇಲ್ಲದ ಧೂಳು

ಫೋಟೋದಲ್ಲಿರೋ ಕೆಂಪು ಕಲ್ಲಿನ ಓಲೆ ನೋಡಿದ್ರಾ? 250 ಹೇಳಿದ್ರು, ಚೌಕಾಸಿ ಮಾಡಿ 180ಕ್ಕೆ ತಂದೆ. ಖುಷಿಯೋ ಖುಷಿ. ಆಮೇಲೆ ಈ ಕಲ್ಲಿನ ಬಗ್ಗೆ ಓದಿದೆ.

ಇದು ಅಗೇಟ್. ಗುಜರಾತಿನಲ್ಲಿ ಅಕೀಕ್ ಅಂತಾರೆ. ಅಲ್ಲಿನ ಖಂಭಾತ್ ಊರಲ್ಲಿ ತಲೆಮಾರುಗಳಿಂದ ಇದೇ ಕೆಲಸ. ಕಲ್ಲನ್ನು ಕಾಯಿಸಿದರೆ ಒಳಗಿನ ಕಬ್ಬಿಣದ ಅಂಶದಿಂದ ಕೆಂಪು ಬಣ್ಣ ಏರುತ್ತೆ. ಆಮೇಲೆ ಸುತ್ತಿಗೆಯಲ್ಲಿ ಚಕ್ಕೆ ಎಬ್ಬಿಸಿ ಆಕಾರ ಕೊಡ್ತಾರೆ, ಚಕ್ರಕ್ಕೆ ಹಿಡಿದು ಉಜ್ಜುತ್ತಾರೆ, ತೂತು ಕೊರೆದು ಪಾಲಿಶ್ ಮಾಡ್ತಾರೆ.

ಉಜ್ಜುವಾಗ ಏಳುವ ಧೂಳು ಸಿಲಿಕಾ. ಅದು ಶ್ವಾಸಕೋಶಕ್ಕೆ ಇಳಿದರೆ ಸಿಲಿಕೋಸಿಸ್. ಈ ಕಾಯಿಲೆ ವಾಸಿ ಆಗಲ್ಲ. ಎಷ್ಟೋ ಕಡೆ ಚಕ್ರ ಇರೋದು ಮನೆಯಲ್ಲೇ. ಅಂದ್ರೆ ಮಕ್ಕಳೂ ಅದೇ ಗಾಳಿ ಕುಡೀತಾರೆ.

ನಾನು ಬಿಕಾಂ. ಕಾಸ್ಟ್ ಶೀಟ್‌ನಲ್ಲಿ ಮೆಟೀರಿಯಲ್, ಲೇಬರ್, ಓವರ್‌ಹೆಡ್ ಎಲ್ಲಾ ಬರೀತೀವಿ. ಉಸಿರಿಗೆ ಯಾವ ಕಾಲಂ?

ಹಾಗಂತ ಕೊಳ್ಳೋದೇ ಬಿಡಿ ಅಂತ ನಾನು ಹೇಳಲ್ಲ. ಕೊಳ್ಳೋರು ನಿಂತರೆ ಆ ಮನೆಯ ಒಲೆಯೂ ಆರುತ್ತೆ. ನೀರು ಹಾಕಿ ಉಜ್ಜಿದರೆ ಧೂಳು ಕಡಿಮೆ. ಧೂಳು ಎಳೆಯೋ ಯಂತ್ರವೂ ಇದೆ. ಅದಕ್ಕೆ ದುಡ್ಡು ಬೇಕು, ಆ ದುಡ್ಡಲ್ಲಿ ನಮ್ಮ ಪಾಲೂ ಇರಬೇಕು ಅನ್ನೋದು ನನ್ನ ಅಭಿಪ್ರಾಯ.

ನಾನು ಉಳಿಸಿದ 70 ರೂಪಾಯಿ ಕೊಟ್ಟಿದ್ರೂ ನೇರವಾಗಿ ಅವರ ಕೈ ಸೇರ್ತಿರಲಿಲ್ಲ, ಗೊತ್ತು. ಮಧ್ಯದಲ್ಲಿ ಎಷ್ಟೋ ಕೈಗಳಿವೆ. ಆದ್ರೂ ‘ಹ್ಯಾಂಡ್‌ಮೇಡ್’ ಅಂತ ಮಾರೋರನ್ನ ಒಂದು ಮಾತು ಕೇಳಿ: ಯಾರ ಕೈ? ಎಲ್ಲಿ ಉಜ್ಜಿದ್ದು? ನೀರು ಹಾಕಿನಾ, ಒಣಗಾ?

ಉತ್ತರ ಸಿಕ್ಕರೆ ಕಾಮೆಂಟ್‌ನಲ್ಲಿ ಹೇಳಿ. ಸಿಗದಿದ್ರೂ ಹೇಳಿ.