ಮೊದಲೇ ಇರುವ ಬೆಕ್ಕನ್ನು ಕೇಳಿದವರಿಲ್ಲ

ಮಳೆಗಾಲ ಶುರುವಾಯಿತೆಂದರೆ ಮುಂಬೈ, ಪುಣೆಯ ಹೌಸಿಂಗ್ ಸೊಸೈಟಿಗಳ ವಾಟ್ಸಾಪ್ ಗುಂಪುಗಳಿಗೆ ಒಂದು ಫೋಟೊ ಬಂದೇ ಬರುತ್ತದೆ. ರಟ್ಟಿನ ಪೆಟ್ಟಿಗೆಯೊಳಗೆ ನೆನೆದು ಮುದ್ದೆಯಾದ ಬೆಕ್ಕಿನ ಮರಿ. ಯಾರದೋ ಕಾರಿನ ಬಾನೆಟ್ಟಿನಿಂದ ತೆಗೆದದ್ದು, ಯಾರಾದರೂ ಸಾಕಿಕೊಳ್ಳುತ್ತೀರಾ ಎಂಬ ಕೋರಿಕೆ ಜೊತೆಗೆ. ಈಗಾಗಲೇ ಬೆಕ್ಕು ಇರುವ ಮನೆಯ ಕಡೆಗೇ ಎಲ್ಲರ ಕಣ್ಣು. ಆ ಮನೆಯವರಿಗೂ ಅನ್ನಿಸುತ್ತದೆ: ಹೇಗೂ ಒಂದಿದೆ, ಇದೂ ಇರಲಿ, ಎಲ್ಲರೂ ಆಫೀಸಿಗೆ ಹೋದ ಮೇಲೆ ಅದಕ್ಕೂ ಜೊತೆಯಾಗುತ್ತದೆ. ಸಂಜೆಯ ಹೊತ್ತಿಗೆ ಮರಿ ಮೂರನೆಯ ಮಹಡಿ ಸೇರಿರುತ್ತದೆ.

ಇಷ್ಟರಲ್ಲಿ ಯಾರೂ ವಿಚಾರಿಸದೆ ಉಳಿದದ್ದು ಮೊದಲೇ ಇರುವ ಬೆಕ್ಕನ್ನು.

ನಾಯಿ ಮನುಷ್ಯನನ್ನು ನೆಚ್ಚುತ್ತದೆ, ಬೆಕ್ಕು ಮನೆಯನ್ನು ನೆಚ್ಚುತ್ತದೆ ಎಂದು ಊರ ಕಡೆಯ ಹಿರಿಯರು ಹೇಳುವುದುಂಟು. ಗೋಣಿಚೀಲದಲ್ಲಿ ಕಟ್ಟಿ ಹೊಳೆಯಾಚೆ ಬಿಟ್ಟುಬಂದ ಬೆಕ್ಕು ಮೂರನೇ ದಿನ ಒಲೆಯ ಮುಂದೆ ಕೂತಿದ್ದ ಕಥೆ ಯಾವ ಮನೆಯಲ್ಲಿಲ್ಲ? ಸಾಕುಬೆಕ್ಕಿನ ಮೂಲವಾದ ಆಫ್ರಿಕಾದ ಕಾಡುಬೆಕ್ಕು ಒಂಟಿಯಾಗಿ ಬೇಟೆಯಾಡುವ, ತನ್ನ ಸರಹದ್ದನ್ನು ವಾಸನೆಯಿಂದ ಗುರುತಿಸಿಕೊಳ್ಳುವ ಪ್ರಾಣಿ. ಒಡಹುಟ್ಟಿದವರ ಜೊತೆ, ತಾಯಿಯ ಜೊತೆ ಬೆಕ್ಕು ಹೊಂದಿಕೊಂಡು ಬಾಳಬಲ್ಲದು. ಅಪರಿಚಿತ ಬೆಕ್ಕು ಮಾತ್ರ ಅದರ ಲೆಕ್ಕದಲ್ಲಿ ಮೊದಲಿಗೆ ಅತಿಕ್ರಮಣಕಾರ. ಊರಿನಲ್ಲಾದರೆ ಬೇಡದ ಬೆಕ್ಕಿನಿಂದ ತಪ್ಪಿಸಿಕೊಳ್ಳಲು ಅಟ್ಟ, ಹಿತ್ತಿಲು, ಕೊಟ್ಟಿಗೆ ಇದ್ದವು. ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಇರುವುದು ಫ್ರಿಜ್ಜಿನ ನೆತ್ತಿ ಮಾತ್ರ.

ಹೊಂದದ ಜೋಡಿಯಲ್ಲಿ ಪಂಜಾ ಎತ್ತಿ ಕಾದಾಡುವುದು ಅಪರೂಪ. ಒಂದು ಬೆಕ್ಕು ಬಾಗಿಲಲ್ಲಿ ಅಡ್ಡ ಮಲಗುತ್ತದೆ, ಕಣ್ಣು ಮಿಟುಕಿಸದೆ ನೋಡುತ್ತದೆ. ಇನ್ನೊಂದು ಲಿಟರ್ ಟ್ರೇಗೆ ಹೋಗುವುದನ್ನೇ ಮುಂದೂಡುತ್ತದೆ. ಮನೆಯವರ ಕಣ್ಣಿಗೆ ಅದು ಶಾಂತಿ. ಹಾಸಿಗೆಯ ಮೇಲೆ ಉಚ್ಚೆ ಬಿದ್ದಾಗ ಮಾತ್ರ ‘ಹೊಟ್ಟೆಕಿಚ್ಚು’ ಎಂಬ ಆರೋಪ. ಆತಂಕಕ್ಕೆ ಬಿದ್ದ ಬೆಕ್ಕಿಗೆ ಮೂತ್ರಕೋಶದ ಉರಿಯೂತ ಬರಬಹುದು. ಗಂಡು ಬೆಕ್ಕಿಗೆ ಮೂತ್ರನಾಳ ಪೂರ್ತಿ ಕಟ್ಟಿಕೊಂಡರೆ ಒಂದೆರಡು ದಿನದಲ್ಲಿ ಜೀವಕ್ಕೇ ಅಪಾಯ. ಕೆಲವು ದಿನ ಊಟ ಬಿಟ್ಟ ಬೆಕ್ಕಿನ, ಅದರಲ್ಲೂ ದಪ್ಪ ಬೆಕ್ಕಿನ, ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ. ಕೊನೆಗೆ ಬಹಳ ಮನೆಗಳಲ್ಲಿ ನಡೆಯುವುದೇನೆಂದರೆ, ತಂದ ಮರಿ ಆರು ತಿಂಗಳಿಗೆ ಮತ್ತೆ ಪಾರ್ಕಿಂಗಿಗೆ ಇಳಿಯುತ್ತದೆ. ಅಷ್ಟು ಹೊತ್ತಿಗೆ ಅದಕ್ಕೆ ಬೀದಿಯ ಬದುಕೂ ಮರೆತಿರುತ್ತದೆ.

ಹಾಗೆಂದು ಎರಡನೇ ಬೆಕ್ಕೇ ಬೇಡ ಎಂದಲ್ಲ. ಒಂದೆರಡು ವರ್ಷದ, ಪರದೆಗೆ ಜೋತುಬೀಳುವ, ರಾತ್ರಿ ಎರಡು ಗಂಟೆಗೆ ಮನೆಯವರ ಪಾದ ಬೇಟೆಯಾಡುವ ಬೆಕ್ಕಿಗೆ ನಾಲ್ಕೈದು ತಿಂಗಳ ತುಂಟ ಮರಿ ನಿಜಕ್ಕೂ ವರ. ಅದೇ ಮರಿ ಹನ್ನೆರಡು ವರ್ಷದ, ಕೀಲುನೋವಿನ ಮುದಿಬೆಕ್ಕಿಗೆ ದಿನನಿತ್ಯದ ಶಿಕ್ಷೆ. ಅಂಥ ಮನೆಗೆ ತರುವುದೇ ಆದರೆ ಗಂಭೀರ ಸ್ವಭಾವದ ದೊಡ್ಡ ಬೆಕ್ಕು ಸರಿ, ಇಲ್ಲವೇ ಒಡಹುಟ್ಟಿದ ಎರಡು ಮರಿಗಳು. ಅವು ತಮ್ಮತಮ್ಮಲ್ಲೇ ಕುಸ್ತಿಯಾಡಿ ದಣಿಯುತ್ತವೆ, ಮುದುಕನ ಬಾಲಕ್ಕೆ ಬಿಡುವು. ಗಂಡೋ ಹೆಣ್ಣೋ ಎಂದು ತಲೆಕೆಡಿಸಿಕೊಳ್ಳುವವರು ಬಹಳ. ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದ್ದರೆ ಲಿಂಗಕ್ಕಿಂತ ಸ್ವಭಾವ, ವಯಸ್ಸುಗಳೇ ಮುಖ್ಯ. ಬಣ್ಣ, ಪರ್ಷಿಯನ್ ಕೂದಲು, ನೀಲಿ ಕಣ್ಣು ಇವೆಲ್ಲ ಮನುಷ್ಯರ ಖುಷಿಗೆ.

ಈಗಾಗಲೇ ಎರಡು ಬೆಕ್ಕು ಇರುವಲ್ಲಿ ಲೆಕ್ಕ ಇನ್ನೂ ಸೂಕ್ಷ್ಮ. ಅವು ಒಂದನ್ನೊಂದು ನೆಕ್ಕುತ್ತವೆಯೇ? ಮೈಗೆ ಮೈ ತಾಗಿಸಿ ಮಲಗುತ್ತವೆಯೇ? ಎದುರಾದಾಗ ಬಾಲ ನೆಟ್ಟಗೆ ಎತ್ತುತ್ತವೆಯೇ? ಒಂದು ಹಗಲು ಹಾಲಿನಲ್ಲಿ, ಇನ್ನೊಂದು ಬೆಡ್‌ರೂಮಿನಲ್ಲಿ, ರಾತ್ರಿ ಅದಲುಬದಲು ಎಂದಾದರೆ ಅವು ಸ್ನೇಹಿತರಲ್ಲ, ಪಾಳಿಯ ಮೇಲೆ ಮನೆ ಹಂಚಿಕೊಂಡ ಬಾಡಿಗೆದಾರರು. ಆ ಮನೆ ಆಗಲೇ ತುಂಬಿದೆ. ಬೆಕ್ಕಿನ ಸಂಖ್ಯೆಗಿಂತ ಒಂದು ಹೆಚ್ಚು ಲಿಟರ್ ಟ್ರೇ ಇರಬೇಕು ಎಂದು ಪಶುವೈದ್ಯರು ಹೇಳುತ್ತಾರೆ. ಮೂರು ಬೆಕ್ಕಿಗೆ ನಾಲ್ಕು ಟ್ರೇ, ಅದೂ ಬೇರೆಬೇರೆ ಮೂಲೆಯಲ್ಲಿ. ಅಡುಗೆಮನೆಯಲ್ಲೇ ಇಬ್ಬರು ನಿಲ್ಲಲಾಗದ ಫ್ಲ್ಯಾಟಿನಲ್ಲಿ ಈ ನಾಲ್ಕು ಮೂಲೆ ಎಲ್ಲಿವೆ ಎಂದು ಮರಿಯ ಫೋಟೊ ನೋಡುವ ಮುನ್ನವೇ ಅಳೆದುಕೊಳ್ಳುವುದು ಒಳ್ಳೆಯದು.

ಆರಿಸುವಾಗ ಮರಿಯನ್ನು ನೋಡುವುದಕ್ಕಿಂತ ಅದನ್ನು ಇಷ್ಟು ದಿನ ಸಾಕಿದವರನ್ನು ಕೇಳುವುದೇ ಮೇಲು. ಉಳಿದ ಬೆಕ್ಕುಗಳ ನಡುವೆ ಇದು ಊಟ ಮಾಡುತ್ತದೆಯೇ? ಬೇರೊಂದು ಬೆಕ್ಕು ಬುಸುಗುಟ್ಟಿದರೆ ಹಿಂದೆ ಸರಿಯುತ್ತದೆಯೋ, ಮೇಲೆ ಬೀಳುತ್ತದೆಯೋ? ಹಿಂದೆ ಸರಿದು, ಹತ್ತು ನಿಮಿಷ ಬಿಟ್ಟು ಮತ್ತೆ ಬರುವ ಮರಿಯೇ ಬಹುಪಾಲು ಮನೆಗಳಿಗೆ ಒಗ್ಗುತ್ತದೆ. ಇಂಥ ಸಾಕುದಾರರು ಕಿಟಕಿಗೆ ಬಲೆ ಇದೆಯೇ, ಬಾಡಿಗೆ ಮನೆಯ ಮಾಲೀಕರು ಒಪ್ಪಿದ್ದಾರೆಯೇ, ವರ್ಗವಾದರೆ ಏನು ಮಾಡುತ್ತೀರಿ ಎಂದು ಉದ್ದದ ಅರ್ಜಿ ಕೊಡುತ್ತಾರೆ. ‘ಬೆಕ್ಕಿಗೂ ಇಂಟರ್‌ವ್ಯೂವಾ’ ಎಂದು ಗೊಣಗುವವರಿದ್ದಾರೆ. ಗೊಣಗಬೇಕಾಗಿಲ್ಲ, ಅಷ್ಟು ಕೇಳುವವರು ಮರಿಯ ಸ್ವಭಾವವನ್ನೂ ಅಷ್ಟೇ ಗಮನಿಸಿರುತ್ತಾರೆ, ಹೊಂದದಿದ್ದರೆ ವಾಪಸು ಪಡೆಯುವ ಮಾತನ್ನೂ ಆಡುತ್ತಾರೆ.

ಆರೋಗ್ಯದ ವಿಷಯದಲ್ಲಿ ಮಾತ್ರ ದಾಕ್ಷಿಣ್ಯ ಸಲ್ಲದು. ಬೀದಿಯಿಂದ ಬಂದ ಮರಿ ಪ್ಯಾನ್‌ಲ್ಯುಕೋಪೀನಿಯಾ ತರಬಹುದು. ಆ ವೈರಸ್ ನೆಲದಲ್ಲಿ, ಬಟ್ಟೆಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಇರುವ ಬೆಕ್ಕಿನ ಲಸಿಕೆ ಸರಿಯಾಗಿದೆಯೇ ಎಂದು ಮೊದಲು ನೋಡಿ, ಹೊಸದಕ್ಕೆ ಎಫ್‌ಐವಿ, ಎಫ್‌ಇಎಲ್‌ವಿ ರಕ್ತಪರೀಕ್ಷೆ ಮಾಡಿಸಿ, ಎರಡು ವಾರ ಬೇರೆ ಕೋಣೆ.

ಮಳೆಯಲ್ಲಿ ನಡುಗುವ ಮರಿಯ ಮುಂದೆ ಇದೆಲ್ಲ ಕಲ್ಲುಮನಸ್ಸಿನ ಮಾತು ಎನ್ನಿಸಬಹುದು. ಆದರೆ ಕಾಪಾಡುವುದು ಬೇರೆ, ಇಟ್ಟುಕೊಳ್ಳುವುದು ಬೇರೆ. ಬಚ್ಚಲುಮನೆಯಲ್ಲಿ ಹತ್ತು ದಿನ ಆಸರೆ ಕೊಟ್ಟು, ಡಾಕ್ಟರಿಗೆ ತೋರಿಸಿ, ಬೆಕ್ಕೇ ಇಲ್ಲದ ಮನೆಯೊಂದನ್ನು ಹುಡುಕಿಕೊಟ್ಟವರೂ ಆ ಮರಿಯನ್ನು ಉಳಿಸಿದವರೇ. ಅದಕ್ಕೆ ‘ನಮ್ಮಲ್ಲಿ ಆಗುವುದಿಲ್ಲ’ ಎಂದು ಮೊದಲೇ ಹೇಳುವ ಧೈರ್ಯ ಬೇಕು, ಅಷ್ಟೆ.

ಆಗುತ್ತದೆ ಎನ್ನುವವರು ಕ್ಯಾರಿಯರ್ ಒಯ್ಯುವ ಮುನ್ನ, ಮರಿ ಆರೋಗ್ಯವಾಗಿದೆ ಎಂಬುದು ಖಾತ್ರಿಯಾದ ಮೇಲೆ, ಅದು ಮಲಗಿದ ಹಳೆ ಟವೆಲನ್ನು ಒಗೆಯದೆ ತರಬಹುದು. ಹಾಲಿನ ಒಂದು ಮೂಲೆಯಲ್ಲಿಟ್ಟು ಸುಮ್ಮನಿರಬೇಕು. ಮೊದಲ ದಿನ ಮನೆಯ ಬೆಕ್ಕು ಮೂಸಿ, ಕಿವಿ ಹಿಂದಕ್ಕೆ ಮಡಚಿ ಹೊರಟುಹೋದೀತು. ನಾಲ್ಕನೇ ದಿನ ಅದರ ಪಕ್ಕದಲ್ಲಿಟ್ಟ ತಟ್ಟೆಯಿಂದ ಎಂದಿನಂತೆ ಊಟ ಮಾಡಿತೆಂದರೆ, ಮರಿಯ ಮನೆಯವರಿಗೆ ಫೋನ್ ಮಾಡಬಹುದು.